ತತ್ತಿಯ ಹಳದಿ ಬಣ್ಣಕ್ಕೆ ಮರುಳಾಗಬೇಡಿ

ಪುಣೆಯ ಹಡಪ್ಸರ್, ವಾಘೋಲಿ ಕಡೆ ಮನೆ ಹಿಂದೆ ನಾಲ್ಕಾರು ಕೋಳಿ ಸಾಕಿದ ನಮ್ಮ ಕಡೆಯ ಮಂದಿ ಸಾಮಾನ್ಯವಾಗಿ ಹಾಕುವುದು ಮುಂಜಾನೆ ಒಂದು ಬೊಗಸೆ ಜೋಳ, ಸಂಜೆ ಉಳಿದ ರೊಟ್ಟಿ. ಅಷ್ಟರಲ್ಲೇ ಕೋಳಿ ಬದುಕುತ್ತದೆ, ನಾಲ್ಕು ತತ್ತಿಯನ್ನೂ ಇಡುತ್ತದೆ. ಆದರೆ ಜೋಳದಲ್ಲಿ ಪ್ರೋಟೀನ್ 10 ಶೇಕಡಾ ಆಸುಪಾಸು. ತತ್ತಿ ಇಡುವ ಕೋಳಿಯ ತಿನಿಸಿನಲ್ಲಿ 16ರಿಂದ 18 ಇರಬೇಕು. ಕೊರತೆ ಬಿದ್ದರೆ ತತ್ತಿಯೊಳಗಿನ ಪ್ರೋಟೀನ್ ಇಳಿಯುವುದು ತೀರ ಕಡಿಮೆ. ಇಳಿಯುವುದು ತತ್ತಿಗಳ ಲೆಕ್ಕ.

ಅಂದರೆ ತಿನಿಸು ಬದಲಿಸಿ ತತ್ತಿಯ ಎಲ್ಲವನ್ನೂ ಹೆಚ್ಚಿಸಲಾಗದು. ಪ್ರೋಟೀನ್, ಕಬ್ಬಿಣ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತವೆ. ನಮ್ಮ ಕೈಗೆ ಸಿಗುವುದು ಕೊಬ್ಬಿನ ಗುಣ, ಅಂದರೆ ಒಮೆಗಾ-3. ಜೊತೆಗೆ ಎ, ಡಿ, ಇ ವಿಟಮಿನ್‌ಗಳು, ಲ್ಯೂಟಿನ್, ಸೆಲೆನಿಯಂ, ಅಯೋಡಿನ್.

ಅಡಿಪಾಯ ಮಾತ್ರ ಲೇಯರ್ ಮ್ಯಾಶ್, ಅಂದರೆ ತತ್ತಿ ಇಡುವ ಕೋಳಿಗೆಂದೇ ಮಾಡಿದ ಸಿದ್ಧ ತಿನಿಸು, ಆಗಿರಲಿ. ಒಂದು ಕೋಳಿಗೆ ದಿನಕ್ಕೆ ಸುಮಾರು 110 ಗ್ರಾಂ, ಆರು ಕೋಳಿಗೆ 660. ರೊಟ್ಟಿ, ಅನ್ನ, ಜೋಳ ಎಲ್ಲ ಸೇರಿ ಇದರ ಹತ್ತನೇ ಒಂದು ಪಾಲು ದಾಟಬಾರದು. ಪ್ರೀತಿಗೆಂದು ಸುರಿಯುವ ಅನ್ನವೇ ತತ್ತಿ ನಿಲ್ಲಿಸುತ್ತದೆ. 18 ವಾರ ತುಂಬದ ಮರಿಗಳಿಗೆ ಲೇಯರ್ ಮ್ಯಾಶ್ ಬೇಡ. ಅದರಲ್ಲಿರುವ ಸುಣ್ಣದಂಶ ಮೂತ್ರಪಿಂಡ ಕೆಡಿಸುತ್ತದೆ.

ಒಮೆಗಾ-3ಕ್ಕೆ ನಮ್ಮ ಅಡುಗೆಮನೆಯ ಅಗಸಿಯೇ ಸಾಕು. ಮಾರ್ಕೆಟ್ ಯಾರ್ಡ್‌ನ ಭುಸಾರ್ (ಕಾಳುಕಡಿ) ಅಂಗಡಿಗಳಲ್ಲಿ 'ಜವಸ' ಎಂದು ಕೇಳಿ. ಅಗಸಿ ಚಟ್ನಿಪುಡಿಗೆ ಹುರಿಯುವಂತೆಯೇ ಒಣ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಚಟಪಟ ಸದ್ದು ಬರುವವರೆಗೆ ಹುರಿಯಿರಿ. ಹಸಿ ಬೀಜದಲ್ಲಿ ಸಯನೈಡ್ ಬಿಡುವ ಅಂಶವಿದೆ, ಹುರಿದರೆ ತಗ್ಗುತ್ತದೆ. ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡಿ. ಒಂದು ಕೋಳಿಗೆ ದಿನಕ್ಕೆ ಒಂದು ಟೇಬಲ್ ಚಮಚ, ತಲೆ ಸಮ ಮಾಡಿ: ಸುಮಾರು 7 ಗ್ರಾಂ. ಇದು ತಿನಿಸಿನ ಆರೇಳು ಶೇಕಡಾ ಆಗುತ್ತದೆ. 10 ದಾಟಿದರೆ ಹಿಕ್ಕೆ ಅಂಟಂಟಾಗುತ್ತದೆ, ತತ್ತಿ ಸಣ್ಣದಾಗಬಹುದು, ಮೀನಿನ ವಾಸನೆಯೂ ಹತ್ತಬಹುದು. ಕಂದು ತತ್ತಿ ಇಡುವ ಕೋಳಿಗಳಲ್ಲಿ ಈ ವಾಸನೆಯ ಕಾಟ ಹೆಚ್ಚು. ಅವಕ್ಕೆ ಸಾಸಿವೆಯ ಎಣ್ಣೆ ತೆಗೆದು ಉಳಿದ ಹಿಂಡಿಯೂ ಆಗಿಬರುವುದಿಲ್ಲ.

ಪುಡಿಯನ್ನು ನಾಲ್ಕೈದು ದಿನಕ್ಕಾಗುವಷ್ಟೇ ಮಾಡಿ, ಡಬ್ಬಿಯನ್ನು ಫ್ರಿಜ್‌ನಲ್ಲಿಡಿ. ಹೊರಗಿಟ್ಟರೆ ಕಮಟು ಹಿಡಿಯುತ್ತದೆ. ಹಾಕುವಾಗ ಮ್ಯಾಶ್‌ಗೆ ಸ್ವಲ್ಪ ನೀರು ಚಿಮುಕಿಸಿ ಕಲಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಒಣಗಿದ್ದರೆ ಪುಡಿ ತಳಕ್ಕಿಳಿದು ಅಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ಈ ಕಲಸಿದ್ದು ಗಂಟೆಯೊಳಗೆ ಖಾಲಿಯಾಗಬೇಕು. ಉಳಿದರೆ ತೆಗೆದು ಬಿಸಾಡಿ, ಹುಳಿ ಬರುತ್ತದೆ. ತತ್ತಿಯಲ್ಲಿ ಬದಲಾವಣೆ ಕೂಡಲೇ ಬರುವುದಿಲ್ಲ. ತತ್ತಿಯೊಳಗಿನ ಹಳದಿ ಭಾಗ ದಪ್ಪಗೆ ಬೆಳೆಯುವುದು ತತ್ತಿ ಇಡುವ ಮುಂಚಿನ ಹತ್ತು ದಿನಗಳಲ್ಲಿ, ಹಾಗಾಗಿ ಪೂರ್ತಿ ಫಲಕ್ಕೆ ಎರಡು-ಮೂರು ವಾರ ಬೇಕು.

ಈಗ ಬಣ್ಣದ ಮಾತು. ಬಿಳಿ ಜೋಳ ತಿಂದ ಕೋಳಿಯ ಹಳದಿ ಪೇಲವ, ಗೋವಿನಜೋಳ ತಿಂದದ್ದರದು ಗಾಢ. ಕಾರಣ ಲ್ಯೂಟಿನ್ ಜಾತಿಯ ಬಣ್ಣಗಳು. ಅವು ಕಣ್ಣಿಗೆ ಒಳ್ಳೆಯವೇ, ಆದರೆ ವಿಟಮಿನ್ ಎಗೆ ಇಂಥ ಬಣ್ಣವಿಲ್ಲ, ಒಮೆಗಾ-3ಕ್ಕೂ ಇಲ್ಲ. ಫೀಡ್‌ಗೆ ಬಣ್ಣ ಬೆರೆಸಿಯೂ ಕೇಸರಿ ಹಳದಿ ತರಿಸಬಹುದು. ನಿಜವಾದ ಸೊಪ್ಪಿನಿಂದ ಬಂದ ಬಣ್ಣವಾದರೆ ಜೊತೆಗೆ ವಿಟಮಿನ್ ಇ ಕೂಡ ಬಂದಿರುತ್ತದೆ. ಇಲ್ಲಿ ದನಕ್ಕೆ ಮಾರುವ 'ಲಸೂಣ್ ಘಾಸ್', ನಮ್ಮ ಕುದುರೆ ಮಸಾಲೆ ಸೊಪ್ಪು, ಇದಕ್ಕೆ ಎಲ್ಲಕ್ಕಿಂತ ಚಲೋ. ನುಗ್ಗೆ ಸೊಪ್ಪೂ ಆಗುತ್ತದೆ. ಕೋಳಿಗೆ 30 ಗ್ರಾಂನಂತೆ, ಎರಡು ಬೆರಳಗಲಕ್ಕೆ ಸಣ್ಣಗೆ ಕತ್ತರಿಸಿ ಹಾಕಿ. ಉದ್ದ ಎಳೆ ನುಂಗಿದರೆ ಕರುಳಿಗಿಂತ ಮುಂಚೆ ಕೊರಳ ಚೀಲದಲ್ಲೇ ಸುತ್ತಿಕೊಂಡು ಕಟ್ಟಿಕೊಳ್ಳುತ್ತದೆ. ಪಾಲಕ್ ವಾರಕ್ಕೊಮ್ಮೆ ಸಾಕು, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಡುತ್ತದೆ. ದಸರೆ ಮುಗಿದ ಮೇಲೆ ತೋರಣದ ಚೆಂಡು ಹೂವನ್ನು ಕೋಳಿಗೆ ಹಾಕುವ ಆಸೆ ಬರುತ್ತದೆ. ಅದಕ್ಕೆ ಯಾವ ಔಷಧಿ ಸಿಂಪಡಿಸಿದ್ದಾರೋ ಯಾರಿಗೆ ಗೊತ್ತು, ಮನೆಯ ಗಿಡದ್ದಾದರೆ ಮಾತ್ರ ಎಸಳು ಕೊಡಿ.

ವಿಟಮಿನ್ ಡಿ ತಿನಿಸಿನ ಜೊತೆ ಬಿಸಿಲಿನಿಂದಲೂ ಬರುತ್ತದೆ. ಹೊರಗೆ ತಿರುಗುವ ಕೋಳಿಯ ಹಳದಿಯಲ್ಲಿ ಅದು ಗೂಡಿನ ಕೋಳಿಗಿಂತ ಹೆಚ್ಚು. ಬಾಲ್ಕನಿಯ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ.

ಹಿಂಡಿಯ ವಿಷಯದಲ್ಲಿ ಕೈ ಬಿಗಿ ಇರಲಿ. ಶೇಂಗಾ ಹಿಂಡಿ ಮುಗ್ಗಿದರೆ ಅದರ ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್, ಕೋಳಿಯ ಪಿತ್ತಜನಕಾಂಗ ಕೆಡಿಸಿ ತತ್ತಿಗೂ ಸ್ವಲ್ಪ ಇಳಿಯುತ್ತದೆ. ಜುಲೈನಲ್ಲಿ ಮುಗ್ಗಲು ವಾಸನೆ ಬಂದ ಚೀಲವನ್ನು ಬಿಸಿಲಿಗೊಡ್ಡಿ ಬಳಸುವ ಉಪಾಯ ಬೇಡ. ಬಿಸಿಲಿಗೆ ಬೂಷ್ಟು ಒಣಗಿದರೂ ವಿಷ ಉಳಿಯುತ್ತದೆ. ದನಕ್ಕೆ ತಂದ ಸರಕಿ ಪೇಂಡ್, ಅಂದರೆ ಹತ್ತಿಕಾಳಿನ ಹಿಂಡಿ, ಕೋಳಿಗೆ ಹಾಕಿದರೆ ತತ್ತಿಯ ಹಳದಿ ಹಸಿರುಗಂದಾಗುತ್ತದೆ. ಅದು ಹತ್ತಿಕಾಳಿನಲ್ಲಿರುವ ಗಾಸಿಪಾಲ್ ಎಂಬ ವಿಷದ ಕೆಲಸ.

ಅಗಸಿ ಬೆರೆಸಿದಾಗ ಮ್ಯಾಶ್‌ನ ಕ್ಯಾಲ್ಸಿಯಂ ಸ್ವಲ್ಪ ತೆಳುವಾಗುತ್ತದೆ. ಒಂದು ಚಿಪ್ಪಿಗೆ 2 ಗ್ರಾಂನಷ್ಟು ಕ್ಯಾಲ್ಸಿಯಂ ಬೇಕು, ಅದು ಕಟ್ಟುವುದು ಹೆಚ್ಚಾಗಿ ರಾತ್ರಿ. ಅದಕ್ಕೇ ಸಂಜೆ ಒಂದು ಬಟ್ಟಲಲ್ಲಿ ಬೇರೆಯಾಗಿ ಕಪ್ಪೆಚಿಪ್ಪಿನ ಚೂರು ಇಡಿ. ಜೋಳದ ಕಾಳಿನ ಗಾತ್ರದ ಚೂರು ಕೋಳಿಯ ಹೊಟ್ಟೆಯಲ್ಲಿ ರಾತ್ರಿಯಿಡೀ ಕರಗುತ್ತಾ ಇರುತ್ತದೆ, ಪುಡಿಯಾದರೆ ಬೇಗ ದಾಟಿಹೋಗುತ್ತದೆ. ಏಪ್ರಿಲ್-ಮೇ ಬಿಸಿಲಿಗೆ ಕೋಳಿ ಬಾಯಿ ತೆರೆದು ಏದುಸಿರು ಬಿಡುವಾಗ ಚಿಪ್ಪು ತೆಳುವಾಗುವುದು ಸಹಜ. ಮ್ಯಾಶ್ ಅನ್ನು ನಸುಕಿನಲ್ಲಿ ಮತ್ತು ಸಂಜೆ ಹಾಕಿ, ನೀರು ನೆರಳಲ್ಲಿಡಿ. ತಿನ್ನುವ ಸುಣ್ಣವನ್ನು ನೀರಿಗೆ ಕದಡಬೇಡಿ, ಬಾಯಿ ಸುಡುತ್ತದೆ, ನೀರನ್ನೇ ಬಿಟ್ಟುಬಿಡುತ್ತವೆ.

ತತ್ತಿ ಬೇಯಿಸಿದಾಗ ಮೀನಿನ ವಾಸನೆ ಬಂದರೆ ಯಾವ ಕೋಳಿಯದೆಂದು ಮೊದಲು ಗುರುತು ಹಿಡಿಯಿರಿ, ಎಲ್ಲ ಕೋಳಿಯದೂ ಇರಲಾರದು. ಅಗಸಿಯನ್ನು ಅರ್ಧ ಚಮಚಕ್ಕಿಳಿಸಿ, ಹತ್ತು ದಿನ ಕಳೆದು ಮತ್ತೊಂದು ತತ್ತಿ ಬೇಯಿಸಿ ಮೂಸಿ ನೋಡಿ.