ನಾನು ಬರಿಸಿದ ತಪ್ಪು ನಗು

ಆ ನಗು ಇನ್ನೂ ಕಿವಿಯಲ್ಲಿದೆ. ಪ್ರಿವ್ಯೂ ಷೋ, ಕೊನೆಯ ಸಾಲಲ್ಲಿ ಕೂತಿದ್ದೆ. ಯೋರ್ಗೋಸ್ ಲ್ಯಾಂತಿಮೋಸ್ ಅವರ 2015ರ ಸಿನಿಮಾ ‘ದಿ ಲಾಬ್‌ಸ್ಟರ್’. ಕನ್ನಡ ಸಬ್‌ಟೈಟಲ್ ನನ್ನದು.

ಒಂಟಿಯಾದವರನ್ನು ಒಂದು ಹೋಟೆಲಿಗೆ ಕಳಿಸುತ್ತಾರೆ. 45 ದಿನದಲ್ಲಿ ಜೋಡಿ ಸಿಗದಿದ್ದರೆ ಪ್ರಾಣಿಯಾಗಬೇಕು. ಕಾಲಿನ್ ಫ್ಯಾರೆಲ್ ಮಾಡಿರುವ ಡೇವಿಡ್ ಜೊತೆ ಒಂದು ನಾಯಿ ಇರುತ್ತದೆ. ಅದು ಅವನ ಅಣ್ಣ. ಮೂಲದಲ್ಲಿ ಬರೀ ಬ್ರದರ್. ಅಣ್ಣನೋ ತಮ್ಮನೋ ಅಂತ ಅರ್ಧ ದಿನ ಯೋಚಿಸಿದ್ದೆ. ಯೋಚಿಸಬೇಕಾದ ಕಡೆ ಯೋಚಿಸಲಿಲ್ಲ.

ಕೆಲಸ ಕೊಟ್ಟವರ ಸೂಚನೆ, ಅಂದರೆ ಬ್ರೀಫ್, ಒಂದೇ ಸಾಲು: ಕಾಮಿಡಿ, ಮಾತು ಸಲೀಸಾಗಿರಲಿ. ಅದನ್ನೇ ನಂಬಿ ಎಲ್ಲರಿಗೂ ‘ನೀನು’ ಹಾಕಿದೆ. ಪಾತ್ರಗಳೆಲ್ಲ ಅರ್ಜಿ ಓದುವವರ ಹಾಗೆ ಮಾತಾಡುತ್ತವೆ. ಜನಕ್ಕೆ ಬೇಜಾರಾಗುತ್ತೆ ಅಂದುಕೊಂಡು ಅಲ್ಲಲ್ಲಿ ಒಗ್ಗರಣೆ ಕೊಟ್ಟೆ.

ಕಲ್ಲುಮನಸ್ಸಿನ ಒಬ್ಬ ಹೆಂಗಸಿಗೆ ಜೋಡಿಯಾಗಲು ಡೇವಿಡ್ ತಾನೂ ಹಾಗೇ ಅಂತ ನಟಿಸುತ್ತಿರುತ್ತಾನೆ. ಒಂದು ಬೆಳಿಗ್ಗೆ ಅವಳು ನಾಯಿಯನ್ನು ಕೊಂದು ಬಂದು ಹೇಳುತ್ತಾಳೆ. ದನಿ ಏರುವುದಿಲ್ಲ, ಇಳಿಯುವುದಿಲ್ಲ. ಅವನು ಅಳು ನುಂಗಿಕೊಳ್ಳಬೇಕು. ಅತ್ತರೆ ಸುಳ್ಳು ಬಯಲಾಗುತ್ತದೆ. ಅಲ್ಲಿ ನಾನು ಬರೆದಿದ್ದು: ‘ನಿನ್ನ ಅಣ್ಣನ ಕಥೆ ಮುಗಿಸಿದೆ.’

ಆ ಸಾಲು ತೆರೆಗೆ ಬಂತು. ಹಾಲ್ ಗೊಳ್ಳೆಂದು ನಕ್ಕಿತು. ತೆರೆಯ ಮೇಲೆ ಅವನು ಹಲ್ಲುಜ್ಜುತ್ತಾ ಮುಖ ಗಟ್ಟಿ ಹಿಡಿದಿದ್ದ. ಇತ್ತ ನಗು ನಿಲ್ಲಲೇ ಇಲ್ಲ. ಅವನ ಕಣ್ಣು ತುಂಬಿದ್ದನ್ನು ಎಷ್ಟು ಜನ ನೋಡಿದರೋ. ನನ್ನ ಕೈ ತಣ್ಣಗಾಯಿತು. ಎದ್ದು ಹೋಗಿ ಪ್ರೊಜೆಕ್ಟರ್ ನಿಲ್ಲಿಸಿಬಿಡಲಾ ಅನ್ನಿಸಿತು.

ಈ ಫೈಲ್ ಕ್ಯೂಸಿ, ಅಂದರೆ ಗುಣಮಟ್ಟದ ತಪಾಸಣೆ, ಪಾಸಾಗಿತ್ತು. ತಪಾಸಣೆಯ ಟೂಲ್ ನೋಡುವುದು ಸಿಪಿಎಸ್ (ಸೆಕೆಂಡಿಗೆ ಎಷ್ಟು ಅಕ್ಷರ), ಸಾಲಿನ ಉದ್ದ ಅಷ್ಟೆ. ಅದಕ್ಕೆ ಕನ್ನಡ ಗೊತ್ತಿಲ್ಲ. ‘ಸ್ತ್ರೀ’ ಅನ್ನೋ ಒಂದು ಅಕ್ಷರವನ್ನು 6 ಅಂತ ಎಣಿಸುತ್ತದೆ! ಸಾಲು ಉದ್ದ ಅಂತ ಕೆಂಪು ತೋರಿಸಿದಾಗಲೆಲ್ಲ ಮಾತು ಕತ್ತರಿಸುತ್ತೇವೆ. ಬ್ರೀಫ್ ಬರೆದವರು ಸಿನಿಮಾ ನೋಡಿದ್ದರಾ ಅಂತ ಕೇಳಿದೆ. ಉತ್ತರ ಬರಲಿಲ್ಲ. ಆದರೆ ನಾನು ನೋಡಿದ್ದೆನಲ್ಲ, ಎರಡು ಸಲ.

ಅವತ್ತು ರಾತ್ರಿಯೇ ಫೈಲ್ ತೆಗೆದೆ. ‘ನಿಮ್ಮ ಅಣ್ಣನನ್ನು ಕೊಂದೆ.’ ಹೋಟೆಲಿನ ಸೀನುಗಳಿಗೆಲ್ಲ ‘ನೀವು’ ಬಂತು. ಪಕ್ಕದಲ್ಲೇ ಮಲಗಿದವರಿಗೂ ‘ನೀವು’. ಆಮೇಲೆ, ಡೇವಿಡ್ ಹೋಟೆಲಿನಿಂದ ಓಡಿಹೋಗಿ ಸೇರುವ ಕಾಡಿನ ಭಾಗ. ಅಲ್ಲಿ ಪ್ರೀತಿಗೆ ಶಿಕ್ಷೆ ಇದೆ. ಡೇವಿಡ್ ಮತ್ತು ರೇಚಲ್ ವೈಸ್ ಪಾತ್ರ ತಲೆ ಅತ್ತಿತ್ತ ತಿರುಗಿಸಿ ಕದ್ದು ಮಾತಾಡಲು ಕಲಿಯುತ್ತಾರೆ. ‘ನೀನು’ ಅನ್ನೋದನ್ನು ಅವರಿಬ್ಬರಿಗೆ ಮಾತ್ರ ಉಳಿಸಿದೆ.