ನಿಂತ ಗಾಡಿಗೆ ಇಲಿ ಹೊಕ್ಕಾಗ ನಾನು ಕಲಿತದ್ದು

ಬಾಗಿಲು ತೆಗೆದ ಕೂಡಲೇ ವಾಸನೆ ಮುಖಕ್ಕೆ ಬಡಿಯಿತು. ಹಳೇ ಗೋಣಿಚೀಲ ಮಳೆಯಲ್ಲಿ ನೆನೆದು ಒಣಗಿದಾಗ ಬರುತ್ತದಲ್ಲ, ಅಂಥದ್ದು. ಜೊತೆಗೆ ಮೂಗು ಸುಡುವ ಉಚ್ಚೆ ವಾಸನೆ. 2022ರ ಸೆಪ್ಟೆಂಬರ್ ಕೊನೆ. ದಸರಾ ಬುಕಿಂಗಿಗೆ ಐದೇ ದಿನ ಉಳಿದಿತ್ತು.

ನಾನು ಬಾಗಲಕೋಟೆ ನವನಗರದಲ್ಲಿ ಗಾಡಿ ಎಲೆಕ್ಟ್ರಿಷಿಯನ್. ಮೊದಲು ಲಾರಿ, ಟ್ರ್ಯಾಕ್ಟರ್ ವೈರಿಂಗ್ ಮಾಡುತ್ತಿದ್ದೆ. ಆಮೇಲೆ ಒಂದು ಸಣ್ಣ ಟ್ರಾವೆಲ್ಸಿನಲ್ಲಿ ಗಾಡಿಗಳ ಉಸ್ತುವಾರಿ ಸಿಕ್ಕಿತು. ನಮ್ಮಲ್ಲಿ ಎರಡು ಕ್ಯಾರವಾನ್ ಇವೆ. ಟೆಂಪೋ ಟ್ರಾವೆಲರಿನ ಸೀಟು ಕಿತ್ತು ಮಂಚ, ಸಿಂಕು, ಗ್ಯಾಸ್ ಒಲೆ, ಸಣ್ಣ ಫ್ರಿಜ್ ಕೂರಿಸಿದ ಗಾಡಿಗಳು. ಜನ ಕುಟುಂಬ ಸಮೇತ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಸುತ್ತಿ ಬರುತ್ತಾರೆ. ಅಕ್ಟೋಬರಿನಿಂದ ಫೆಬ್ರವರಿ ತನಕ ಗಾಡಿಗೆ ಬಿಡುವಿರುವುದಿಲ್ಲ. ಮಾರ್ಚ್ ಹಿಡಿಯಿತೆಂದರೆ ಬಾದಾಮಿಯ ಬಂಡೆ ಕಾದ ಹಂಚಿನಂತಾಗುತ್ತದೆ, ಯಾರೂ ಕೇಳುವುದಿಲ್ಲ. ಆಗ ಎರಡೂ ಗಾಡಿ ಊರ ಹೊರಗಿನ ಶೆಡ್ಡಿಗೆ ಹೋಗಿ ಆರು ತಿಂಗಳು ನಿಲ್ಲುತ್ತವೆ.

ಆ ದಿನ ಮಂಚದ ಕೆಳಗಿನ ಡ್ರಾಯರ್ ಎಳೆದೆ. ಅರ್ಧ ಬಂದು ಸಿಕ್ಕಿಕೊಂಡಿತು. ಕೈ ಹಾಕಿ ಎಳೆದಾಗ ಗೂಡು ಕಾಣಿಸಿತು. ಒಂದು ಬೋಗುಣಿಯಷ್ಟು ದೊಡ್ಡದು. ಹಾಸಿಗೆಯ ಸ್ಪಂಜನ್ನು ಕಡಲೆಕಾಳಿನಷ್ಟು ಸಣ್ಣ ಸಣ್ಣ ಚೂರು ಮಾಡಿ ಜೋಡಿಸಿತ್ತು. ಅದರ ನಡುನಡುವೆ ಕೆಂಪು, ಹಸಿರು ನೂಲು. ಎಲ್ಲಿಯದು ಅಂತ ಒಂದು ಕ್ಷಣ ಹೊಳೆಯಲಿಲ್ಲ. ತಲೆ ಎತ್ತಿ ನೋಡಿದರೆ ಕಿಟಕಿ ಪರದೆಯ ಕೆಳಗಿನ ಅಂಚು ಹರಿದು ಜೋತಾಡುತ್ತಿತ್ತು. ಆ ಪರದೆ ಗುಳೇದಗುಡ್ಡದ ಖಣದ್ದು. ನನ್ನ ಹೆಂಡತಿಯೇ ಕೂತು ಹೊಲಿದಿದ್ದಳು. ಗೂಡಿನೊಳಗೆ ಐದು ಮರಿ, ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಬೆರಳಿನ ತುದಿಯಷ್ಟು. ಗೂಡನ್ನು ಹಾಗೇ ಎತ್ತಿ ಹೊರಗೆ ಬೇಲಿ ಬುಡದಲ್ಲಿಟ್ಟು ಬಂದೆ. ಮನಸ್ಸಿಗೆ ಒಂಥರಾ ಆಯಿತು.

ಅದೇ ಡ್ರಾಯರಿನ ಮೂಲೆಯಲ್ಲಿ ಕಾರಣವೂ ಸಿಕ್ಕಿತು. ಖಡಕ್ ರೊಟ್ಟಿಯ ಖಾಲಿ ಕವರು, ತೂತು ಬಿದ್ದ ಶೇಂಗಾ ಚಟ್ನಿ ಪಾಕೀಟು. ಫೆಬ್ರವರಿಯ ಕೊನೇ ಟ್ರಿಪ್ಪಿನಲ್ಲಿ ಯಾರೋ ಬಿಟ್ಟು ಹೋದದ್ದು. ಗಾಡಿ ನಿಲ್ಲಿಸುವ ದಿನ ನೆಲ ಗುಡಿಸಿದ್ದೆ, ಒಲೆ ಒರೆಸಿದ್ದೆ. ಡ್ರಾಯರ್ ಎಳೆದು ನೋಡಿರಲಿಲ್ಲ. ಅದು ನನ್ನದೇ ತಪ್ಪು.

ನೀರಿನ ಪಂಪಿನ ವೈರು ಎರಡು ಕಡೆ ಕಡಿದಿತ್ತು. ಇನ್ವರ್ಟರಿಗೆ ಹೋಗುವ ದಪ್ಪ ಕೇಬಲ್ಲಿನ ಮೇಲಿನ ಪ್ಲಾಸ್ಟಿಕ್ ಕೆರೆದು ತಾಮ್ರ ಹೊಳೆಯುತ್ತಿತ್ತು. ಅದನ್ನು ಕಂಡಾಗ ನಿಜಕ್ಕೂ ಎದೆ ಧಸಕ್ಕೆಂದಿತು. ಆ ಬೆತ್ತಲೆ ತಾಮ್ರ ಗಾಡಿಯ ತಗಡಿನ ಮೈಗೆ ತಾಗಿದ್ದರೆ, ಒಳಗೆ ಮಲಗಿದವರ ಗತಿ? ಇಲಿಯ ಮುಂದಿನ ಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತದೆ. ಸವೆಸದಿದ್ದರೆ ಅದಕ್ಕೆ ಉಳಿಗಾಲವಿಲ್ಲ. ಹಾಗಾಗಿ ಹಸಿವಿಲ್ಲದಿದ್ದರೂ ಕಡಿಯುತ್ತದೆ, ರುಚಿ ಇಲ್ಲದ್ದನ್ನೂ ಕಡಿಯುತ್ತದೆ.

ಹುಬ್ಬಳ್ಳಿಯ ಕುಟುಂಬವೊಂದು ಆ ಗಾಡಿ ಬುಕ್ ಮಾಡಿತ್ತು. ಜೊತೆಗೆ ವಯಸ್ಸಾದ ಅಜ್ಜಿ. ಲಾಡ್ಜಿನ ಮೆಟ್ಟಿಲು ಹತ್ತಲಾಗದು ಅಂತಲೇ ಕ್ಯಾರವಾನ್ ಕೇಳಿದ್ದರು. ಫೋನ್ ಮಾಡಿ ಆಗುವುದಿಲ್ಲ ಅಂತ ನಾನೇ ಹೇಳಬೇಕಾಯಿತು. ನಮ್ಮ ಸಾವ್ಕಾರರು ಬಯ್ಯಲಿಲ್ಲ. "ದುಡ್ಡು ಹೋದ್ರ ಹೋಗ್ಲಿ, ಆದ್ರ ಮುಂದಿನ ವರ್ಷ ಹಿಂಗ ಆಗಬಾರದು ನೋಡಪಾ" ಅಂದರು, ಅಷ್ಟೇ.

ಮೊದಲು ಮಾಡಿದ್ದು ತಪ್ಪು ಕೆಲಸ. ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಇದನ್ನೇ ಮಾಡುತ್ತಾರೆ. ಅಂಗಡಿಯಿಂದ ಉಬ್ಬುವ ಫೋಮ್ ಡಬ್ಬಿ ತಂದೆ. ಗಾಡಿಯ ಕೆಳಗೆ ಮಲಗಿ, ಕಂಡ ತೂತಿಗೆಲ್ಲ ಹೊಡೆದೆ. ಒಂದೇ ಮಧ್ಯಾಹ್ನದಲ್ಲಿ ಮುಗಿಸಿ ಖುಷಿಯಾಗಿ ಮನೆಗೆ ಹೋದೆ. ಇದರಲ್ಲಿ ಮೂರು ತಪ್ಪಿದ್ದವು.

ಒಳಗೆ ಇನ್ನೂ ಇಲಿ ಇದ್ದವು. ಹೊರಗಿನಿಂದ ದಾರಿ ಮುಚ್ಚಿದ್ದರಿಂದ ಅವು ಒಳಗೇ ಸಿಕ್ಕಿಬಿದ್ದವು. ಒಂದು ಗೋಡೆಯ ಪ್ಯಾನೆಲ್ಲಿನ ಹಿಂದೆ ಸತ್ತು, ಆ ವಾಸನೆಗೆ ಪ್ಯಾನೆಲ್ ಬಿಚ್ಚಬೇಕಾಯಿತು. ಎರಡನೆಯದು, ಬರೀ ಫೋಮ್ ಇಲಿಗೆ ಲೆಕ್ಕಕ್ಕೇ ಇಲ್ಲ. ನಾಲ್ಕೇ ದಿನಕ್ಕೆ ಕೊರೆದು ದಾರಿ ಮಾಡಿಕೊಂಡಿತ್ತು.

ಮೂರನೆಯದು ನೆನೆಸಿಕೊಂಡರೆ ಈಗಲೂ ಮೈ ಬೆವರುತ್ತದೆ. ಗ್ಯಾಸ್ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಒಂದು ತೂತು ಇತ್ತು. ಅದನ್ನೂ ಫೋಮಿನಿಂದ ಮುಚ್ಚಿಬಿಟ್ಟಿದ್ದೆ. ಒಲೆ ಚೆಕ್ ಮಾಡಲು ಬಂದ ಗ್ಯಾಸ್ ಮೆಕ್ಯಾನಿಕ್ ಬಗ್ಗಿ ನೋಡಿದವರೇ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಇದನ್ನ ಯಾರು ಮುಚ್ಚಿದ್ರಿ ಅಣ್ಣಾರ? ಮೊದ್ಲ ತೆಗೀರಿ" ಅಂದರು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗುವುದಿಲ್ಲ, ನೀರಿನ ಹಾಗೆ ತಳಕ್ಕೆ ಇಳಿದು ನಿಲ್ಲುತ್ತದೆ. ಅದು ಹೊರಗೆ ಹರಿದು ಹೋಗಲಿ ಅಂತಲೇ ತಳದಲ್ಲಿ ತೂತು ಬಿಟ್ಟಿರುತ್ತಾರೆ. ಇಲಿ ತಡೆಯಲು ಹೋಗಿ ನಾನು ಜನ ಮಲಗುವ ಗಾಡಿಯಲ್ಲಿ ಗ್ಯಾಸಿನ ದಾರಿ ಕಟ್ಟಿದ್ದೆ. ಅಲ್ಲಿಗೆ ಹಾಕಬೇಕಾದದ್ದು ಜಾಲರಿ ಮಾತ್ರ, ಅದೂ ಕಸ ಕಟ್ಟದ ಹಾಗೆ ಆಗಾಗ ಬ್ರಷ್ ಹಾಕುತ್ತಿರಬೇಕು. ಫ್ರಿಜ್ಜಿನ ಹಿಂದೆ ಗಾಳಿಯಾಡುವ ಕಿಂಡಿಗೂ ಇದೇ ಮಾತು. ಗಾಡಿಯ ಯಾವ ತೂತು ಯಾಕಿದೆ ಅಂತ ತಿಳಿಯದೆ ಮುಚ್ಚಲೇಬೇಡಿ.

ಆಮೇಲೆ ಎಲ್ಲ ಫೋಮ್ ಕೆರೆದು ತೆಗೆದು ಮೊದಲಿನಿಂದ ಶುರು ಮಾಡಿದೆವು. ಮೊದಲು ಒಳಗಿನವನ್ನು ಹಿಡಿಯುವುದು. ಬೋನು ಎಲ್ಲಿಡಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ಇಲಿ ಬಯಲಲ್ಲಿ ಓಡುವುದಿಲ್ಲ, ಮೀಸೆ ಗೋಡೆಗೆ ತಾಗಿಸಿಕೊಂಡು ಅಂಚಿನಲ್ಲೇ ಹೋಗುತ್ತದೆ. ಹಾಗಾಗಿ ಬೋನು ಗೋಡೆಗೆ ಒತ್ತಿಕೊಂಡೇ ಇರಬೇಕು. ತಿಂಡಿಗೆ ನಾವು ಹುರಿದ ಶೇಂಗಾ ಮತ್ತು ಬೆಲ್ಲ ಜಜ್ಜಿ, ಕಡಲೆಯಷ್ಟು ಮೆತ್ತುತ್ತೇವೆ. ರೊಟ್ಟಿ ಚೂರಿಟ್ಟರೆ ಕಚ್ಚಿಕೊಂಡು ಓಡುತ್ತದೆ. ಮೆತ್ತಿದ್ದನ್ನು ನಿಂತು ನೆಕ್ಕಲೇಬೇಕು. ಆರು ರಾತ್ರಿಯಲ್ಲಿ ಏಳು ಇಲಿ ಬಿದ್ದವು. ಆಮೇಲೆ ಸತತ ಒಂದು ವಾರ ಬೋನು ಖಾಲಿ ಇದ್ದಾಗ ಮಾತ್ರ ತೂತು ಮುಚ್ಚಲು ಕೈ ಹಾಕಿದೆವು.

ತೂತು ಹುಡುಕಿದ್ದು ರಾತ್ರಿ. ಇದು ನಮ್ಮ ಶೆಡ್ಡಿನ ಹುಡುಗನ ಯೋಚನೆ. "ಅಣ್ಣಾರ, ನಾ ಒಳಗ ಬ್ಯಾಟರಿ ಹಿಡಿತೀನಿ, ನೀವ್ ಕೆಳಗ ಮಲಗ್ರಿ" ಅಂದ. ಶೆಡ್ಡಿನ ದೀಪವೆಲ್ಲ ಆರಿಸಿದೆವು. ಅವನು ಒಳಗೆ ಸಿಂಕಿನ ಕೆಳಗೆ, ಮಂಚದ ಪೆಟ್ಟಿಗೆಯಲ್ಲಿ, ಕ್ಲಚ್ ಪೆಡಲಿನ ಹತ್ತಿರ ಮೆಲ್ಲಗೆ ಬೆಳಕು ಆಡಿಸಿದ. ನಾನು ಕೆಳಗೆ ತಟ್ಟು ಹಾಸಿ ಮಲಗಿದ್ದೆ. ಕತ್ತಲೆಯಲ್ಲಿ ಒಂದೊಂದೇ ಚುಕ್ಕಿ ಮಿನುಗಿತು. ಹಗಲಲ್ಲಿ ನಾನು ನಾಲ್ಕು ತೂತು ಎಣಿಸಿದ್ದೆ. ಆ ರಾತ್ರಿ ಹನ್ನೊಂದು ಸಿಕ್ಕವು. ಸಿಂಕಿನ ಪೈಪು ಇಳಿಯುವ ಕಡೆ, ಏಸಿ ನೀರಿನ ಪೈಪಿನ ಸುತ್ತ, ವೈರುಗಳ ಕಟ್ಟು ಒಳಬರುವ ರಬ್ಬರ್ ಒಣಗಿ ಸೀಳಿದ ಕಡೆ, ಹಿಂದಿನ ಬಾಗಿಲ ರಬ್ಬರ್ ಮೂಲೆಯಲ್ಲಿ. ಅಳತೆಗೆ ಒಂದು ಪೆನ್ಸಿಲ್ ಇಟ್ಟುಕೊಂಡೆವು. ಪೆನ್ಸಿಲ್ ತೂರಿದರೆ ಸಣ್ಣ ಇಲಿ ತೂರುತ್ತದೆ. ಸುಮಾರು 6 ಮಿಲಿಮೀಟರ್ ಜಾಗ ಅದಕ್ಕೆ ಸಾಕು, ತಲೆ ಹೋದರೆ ಮೈ ಹೋದಂತೆಯೇ. ಆ ಹುಡುಗ ಚುಕ್ಕಿ ಕಂಡಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಗಾಡಿ ಕೆಲಸದಲ್ಲಿ ಇಷ್ಟು ವರ್ಷವಿದ್ದರೂ ನನಗೆ ಹೊಳೆಯದ್ದು ಅವನಿಗೆ ಹೊಳೆಯಿತು.

ಮುಚ್ಚಲು ಬಳಸಿದ್ದು ಹೀಗೆ. ಸಣ್ಣ ಸಂದಿಗೆ ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಬಿಗಿಯಾಗಿ ತುರುಕಿ, ಮೇಲೆ ಸಿಲಿಕಾನ್ ಹಚ್ಚಿದೆವು. ತುಕ್ಕು ಹಿಡಿಯದ ಜಾತಿಯದೇ ಬೇಕು, ಇಲ್ಲದಿದ್ದರೆ ಒಂದು ಮಳೆಗಾಲಕ್ಕೆ ಪುಡಿಯಾಗುತ್ತದೆ. ಸ್ವಲ್ಪ ದೊಡ್ಡ ತೂತಿಗೆ ತಗಡು ಕತ್ತರಿಸಿ ರಿವಿಟ್ ಹೊಡೆದೆವು. ಗಾಳಿ ಬೇಕಾದ ಕಡೆ ಕಾಲು ಇಂಚಿಗಿಂತ ಸಣ್ಣ ಕಣ್ಣಿನ ತಂತಿ ಜಾಲರಿ. ವೈರ್ ಹೋಗುವ ಕಡೆ ಸ್ಕ್ರಬ್ಬರ್ ನೇರ ವೈರಿಗೆ ತಾಗಬಾರದು. ಗಾಡಿ ಅಲುಗಿದಂತೆ ಅದೇ ವೈರನ್ನು ಕೊಯ್ಯುತ್ತದೆ. ಮೊದಲು ಹೊಸ ರಬ್ಬರ್ ಬುಷ್ ಹಾಕಿ, ಅದರ ಸುತ್ತ ತುಂಬಬೇಕು.

ಹಿಕ್ಕೆ ತೆಗೆಯುವ ಬಗ್ಗೆಯೂ ಒಂದು ಮಾತು. ನಮ್ಮವರು ಪೊರಕೆ ಹಿಡಿದು ಗುಡಿಸಿಬಿಡುತ್ತಾರೆ. ಒಣಗಿದ ಹಿಕ್ಕೆಯ ಧೂಳು ಮೂಗಿಗೆ ಹೋಗುವುದು ಒಳ್ಳೆಯದಲ್ಲ. ಇಲಿ ಉಚ್ಚೆಯಿಂದ ಇಲಿ ಜ್ವರ ಬರುತ್ತದೆ, ಕೈಯಲ್ಲಿ ಗಾಯವಿದ್ದರೆ ಇನ್ನೂ ಅಪಾಯ. ನಾವು ಅರ್ಧ ಗಂಟೆ ಬಾಗಿಲು ಕಿಟಕಿ ತೆಗೆದಿಟ್ಟು, ಕೈಗೆ ರಬ್ಬರ್ ಗ್ಲೌಸ್, ಮೂಗಿಗೆ ಮಾಸ್ಕ್ ಹಾಕಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಚಿಮುಕಿಸುತ್ತೇವೆ. ಐದು ನಿಮಿಷ ನೆನೆಯಲು ಬಿಟ್ಟು ಹಳೇ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನೂ ಎಸೆಯುತ್ತೇವೆ. ಆ ನೀರಿಗೆ ಟಾಯ್ಲೆಟ್ ಆ್ಯಸಿಡ್ ಮಾತ್ರ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಡಾಂಬರು ಗುಳಿಗೆ ಹಾಕಿ ನೋಡಿದ್ದೆವು. ಗುಳಿಗೆಯ ಪಕ್ಕದಲ್ಲೇ ಹಿಕ್ಕೆ ಸಿಕ್ಕಿತು. ಆ ವಾಸನೆ ಮುಚ್ಚಿದ ಗಾಡಿಯಲ್ಲಿ ಮಲಗುವ ಮಕ್ಕಳಿಗೂ ಕೆಟ್ಟದ್ದು. ಪ್ಲಗ್ಗಿಗೆ ಹಾಕುವ ಸದ್ದಿನ ಯಂತ್ರವೂ ನಮ್ಮಲ್ಲಿ ಕೆಲಸಕ್ಕೆ ಬರಲಿಲ್ಲ. ಪಾಷಾಣ ಬೇಡವೇ ಬೇಡ. ತಿಂದ ಇಲಿ ಪ್ಯಾನೆಲ್ ಹಿಂದೆ ಹೋಗಿ ಸಾಯುತ್ತದೆ, ಆ ಇಲಿಯನ್ನು ತಿಂದ ಗೂಬೆಯೂ ಬೆಕ್ಕೂ ಸಾಯಬಹುದು. ಅಂಟಿನ ಹಲಗೆಯಲ್ಲಿ ಜೀವ ಒದ್ದಾಡುವುದನ್ನು ಒಮ್ಮೆ ನೋಡಿದೆ, ಮತ್ತೆ ತರಲಿಲ್ಲ.

ಇಲಿ ಯಾವಾಗ ಬರುತ್ತದೆ ಅನ್ನುವುದನ್ನು ಹೇಳಿಕೊಟ್ಟವರು ಶೆಡ್ಡಿನ ಪಕ್ಕದ ಹೊಲದ ಕಾಕಾ. ನಮ್ಮ ಭಾಗದಲ್ಲಿ ಹಿಂಗಾರಿ ಜೋಳ ಫೆಬ್ರವರಿ, ಮಾರ್ಚಿನಲ್ಲಿ ಕೊಯ್ಲಾಗುತ್ತದೆ. ಹೊಲ ಬೋಳಾದ ಕೂಡಲೇ ಇಲಿಗೆ ಮರೆ ಇರುವುದಿಲ್ಲ. ಸರಿಯಾಗಿ ಅದೇ ವಾರ ನಾವು ಗಾಡಿ ತಂದು ನಿಲ್ಲಿಸುತ್ತಿದ್ದೆವು, ಅದೂ ಅವರ ಕಣಿಕಿ (ಒಣಗಿದ ಜೋಳದ ದಂಟು) ಬಣವಿಗೆ ಒತ್ತಿಕೊಂಡು, ನೆರಳು ಸಿಗಲಿ ಅಂತ. "ಬ್ಯಾಸಗಿ ತುಂಬ ಬಣವ್ಯಾಗ ಇರ್ತಾವ ತಮ್ಮಾ. ನಾ ದನಕ್ಕ ಅಂತ ಬಣವಿ ಬಿಚ್ಚಾಕ್ ಹತ್ತಿದ್ರ, ನಿನ್ನ ಗಾಡಿಗಿ ಬರ್ತಾವ" ಅಂದರು. ಅವರು ಹೇಳಿದ್ದು ಖರೆ. ಇಲಿ ಬಸಿರು ಮೂರು ವಾರ, ಹುಟ್ಟಿದ ಮರಿ ಆರು ವಾರಕ್ಕೆ ತಾನೂ ಮರಿ ಹಾಕುವಷ್ಟು ಬೆಳೆಯುತ್ತದೆ. ಜೂನಿನಲ್ಲಿ ಒಂದು ಜೋಡಿ ಹೊಕ್ಕರೆ ದಸರಾ ಹೊತ್ತಿಗೆ ಎಷ್ಟಾಗುತ್ತವೆ ಲೆಕ್ಕ ಹಾಕಿ. ಇಲಿ ಇದ್ದ ಕಡೆ ಹಾವೂ ಬರುತ್ತದೆ. ಗಾಡಿ ಕೆಳಗೆ ಮಲಗಿ ಕೆಲಸ ಮಾಡುವವರಿಗೆ ಅದು ಸಣ್ಣ ಮಾತಲ್ಲ.

ಈಗ ಗಾಡಿ ಬಣವಿಯಿಂದ ದೂರ, ಕಾಂಕ್ರೀಟಿನ ಮೇಲೆ, ನಾಲ್ಕೂ ಕಡೆ ಬಯಲಿರುವಂತೆ ನಿಲ್ಲುತ್ತದೆ. ಸುತ್ತ ಹುಲ್ಲು ಬೆಳೆಯಲು ಬಿಡುವುದಿಲ್ಲ. ನಿಲ್ಲಿಸುವ ದಿನ ಎಲ್ಲ ಡ್ರಾಯರ್ ಹೊರಗೆ ಎಳೆದು, ತಲೆಕೆಳಗು ಮಾಡಿ ಬಡಿಯುತ್ತೇವೆ. ಉಪ್ಪು, ಸಕ್ಕರೆ, ಸೋಪು, ಟಿಶ್ಯೂ ಸುರುಳಿ ಕೂಡ ಒಳಗೆ ಉಳಿಯುವುದಿಲ್ಲ. ಹಾಸಿಗೆ, ಪರದೆ ಬಿಚ್ಚಿ ಮನೆಗೆ. ಫ್ರಿಜ್ ಒರೆಸಿ ಬಾಗಿಲು ತೆರೆದೇ ಇಡುತ್ತೇವೆ. ಚಾರ್ಜಿಂಗ್ ಕೇಬಲ್ ನೆಲದಿಂದ ಗಾಡಿಗೆ ಏಣಿಯಾಗದ ಹಾಗೆ ಕೆಲಸ ಮುಗಿದ ಕೂಡಲೇ ಕಳಚಿ ಸುತ್ತುತ್ತೇವೆ. ಹಗಲು ಬಾನೆಟ್ ಎತ್ತಿಡುತ್ತೇವೆ, ಎಂಜಿನ್ ಮೇಲೆ ಕತ್ತಲೆ ಬೆಚ್ಚನೆ ಮೂಲೆ ಸಿಗದಿರಲಿ ಅಂತ.

ಇಷ್ಟು ಮಾಡಿದರೂ ಇಲಿ ಬಂದಿದೆಯೋ ಇಲ್ಲವೋ ತಿಳಿಯಬೇಕಲ್ಲ. ಅದಕ್ಕೆ ರಂಗೋಲಿ ಪುಡಿ. ಸಂತೆಯಲ್ಲಿ ಸಿಗುವ ಬಿಳಿ ಪುಡಿಯನ್ನು ಸಣ್ಣ ಜರಡಿಯಲ್ಲಿ ಹಿಡಿದು ನೆಲದ ಅಂಚಿಗೆ ತೆಳ್ಳಗೆ ಉದುರಿಸುತ್ತೇವೆ. ಅಕ್ಕಿ ಹಿಟ್ಟಿನ ರಂಗೋಲಿ ಬೇಡ, ಅದು ಊಟವಾಗುತ್ತದೆ. ಪ್ರತಿ ಭಾನುವಾರ ಬ್ಯಾಟರಿ ಬೆಳಕನ್ನು ನೆಲಕ್ಕೆ ಅಡ್ಡ ಹಿಡಿದು ನೋಡಿದರೆ ಸಾಕು. ಇಲಿಯ ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು. ಹೆಜ್ಜೆಗಳ ನಡುವೆ ಬಾಲ ಎಳೆದ ನೂಲಿನಂಥ ಗೆರೆ. ಎಲ್ಲಿಂದ ಶುರುವಾಗಿದೆ ನೋಡಿದರೆ ತೂತು ಅಲ್ಲೇ ಇರುತ್ತದೆ. ಗೋಡೆಗೆ ತೂಗು ಹಾಕಿದ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಆ ಹುಡುಗ ಸಹಿ ಮಾಡುತ್ತಾನೆ.

ಮೊನ್ನೆ ಭಾನುವಾರ ಅವನು ಫೋನ್ ಮಾಡಿದ. ಎರಡನೇ ಗಾಡಿಯಲ್ಲಿ, ಹಿಂದಿನ ಬಾಗಿಲ ಮೂಲೆಯಿಂದ ಒಂದು ಗೇಣಿನಷ್ಟು ದೂರ ಹೆಜ್ಜೆ ಬಂದು, ಅಲ್ಲೇ ತಿರುಗಿ ಹೋಗಿವೆಯಂತೆ. ಹೋಗಿ ನೋಡಿದೆ. ಬಾಗಿಲ ರಬ್ಬರ್ ಬಿಸಿಲಿಗೆ ಸುಕ್ಕಾಗಿ ಪೆನ್ಸಿಲ್ ತೂರುವಷ್ಟು ಬಿಟ್ಟಿತ್ತು. ಹೊಸ ರಬ್ಬರಿಗೆ ಹುಬ್ಬಳ್ಳಿಗೆ ಹೇಳಿದ್ದೇವೆ. ಅದು ಬರುವ ತನಕ ಆ ಮೂಲೆಗೆ ತಗಡಿನ ಪಟ್ಟಿ ಬಿಗಿದು, ಒಳಗೆ ಶೇಂಗಾ ಬೆಲ್ಲ ಮೆತ್ತಿದ ಬೋನು ಇಟ್ಟು ಬಂದಿದ್ದೇನೆ.