ಜಿಂಕೆ ಕ್ಯಾಂಪಿಗೆ ಜನರೇಟರ್ ಬೇಕೇ? ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಟಿಪ್ಪಣಿ

ಸೆಪ್ಟೆಂಬರ್ 7, ಭಾನುವಾರ

ಈ ಸಲ ಕ್ಯಾಂಪಿಗೆ ಜನರೇಟರ್ ಒಯ್ಯಬೇಕೋ ಬೇಡವೋ ಎಂದು ನೋಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಲ್ವರಲ್ಲಿ ಎಲೆಕ್ಟ್ರಿಕಲ್ ಓದಿದವನು ನಾನೊಬ್ಬನೇ.

ಮಿಷಿಗನ್‌ನಲ್ಲಿ ಕೋವಿ ಹಿಡಿದು ಜಿಂಕೆ ಬೇಟೆಯಾಡುವ ಸೀಸನ್ ನವೆಂಬರ್ 15ಕ್ಕೆ ಶುರುವಾಗಿ 30ಕ್ಕೆ ಮುಗಿಯುತ್ತದೆ. ಯಾವ ವಾರ ಬಿದ್ದರೂ ತಾರೀಖು ಮಾತ್ರ ಅದೇ. ನಾವು 13ಕ್ಕೇ ಹೋಗಿ ಡೇರೆ ಹಾಕುತ್ತೇವೆ, 20ಕ್ಕೆ ಗಂಟುಮೂಟೆ ಕಟ್ಟುತ್ತೇವೆ. ಲ್ಯಾನ್ಸಿಂಗ್‌ನಿಂದ ಮ್ಯಾಕಿನಾ ಸೇತುವೆ ದಾಟಿ ಸೀನಿ ಊರಿನ ಕಡೆಗೆ ಐದು ಗಂಟೆಯ ದಾರಿ. ಜಾಗ ಸರ್ಕಾರಿ ಕಾಡಿನದು. ಅರಣ್ಯದವರು ಉಚಿತವಾಗಿ ಕೊಡುವ ನೋಂದಣಿ ಚೀಟಿ ತುಂಬಿ ಡೇರೆಯ ಹತ್ತಿರ ನೇತುಹಾಕಿದರೆ ಆಯಿತು. ಕರೆಂಟು, ನಲ್ಲಿ ಒಂದೂ ಇಲ್ಲ. ಕಟ್ಟಿಗೆ ಒಲೆ ಇರುವ ಕ್ಯಾನ್ವಾಸ್ ಡೇರೆ, ನಾಲ್ಕು ಮಡಿಸುವ ಮಂಚ.

ಇಷ್ಟು ವರ್ಷ ಈ ಪ್ರಶ್ನೆ ಎದ್ದಿರಲಿಲ್ಲ. ಈಗ ಎದ್ದಿರುವುದು ನಮ್ಮ ಪಕ್ಕದ ಮನೆಯವರಿಂದ. ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ ಎಂದು ಡಾಕ್ಟರು ಅವರಿಗೆ ಈ ಬೇಸಿಗೆಯಲ್ಲಿ ಸಿಪ್ಯಾಪ್ ಕೊಟ್ಟಿದ್ದಾರೆ, ಮಾಸ್ಕಿನ ಮೂಲಕ ಗಾಳಿ ಒತ್ತಿ ಕೊಡುವ ಕರೆಂಟಿನ ಯಂತ್ರ. ರಾತ್ರಿ ಮೂಗಿಗೆ ಮಾಸ್ಕ್ ಹಾಕಿಕೊಂಡೇ ಮಲಗಬೇಕು. ‘ಹಾಗಾದರೆ ಈ ವರ್ಷ ನಾನು ಬರುವುದಿಲ್ಲ, ನೀವು ಮೂವರು ಹೋಗಿಬನ್ನಿ’ ಅಂದುಬಿಟ್ಟರು. ನನಗೆ ಕೋವಿ ಹಿಡಿಯುವುದನ್ನು ಕಲಿಸಿದವರು ಅವರು. ಮೊದಲ ವರ್ಷ ಮರದ ಮೇಲೆ ಹೇಗೆ ಅಲುಗಾಡದೆ ಕೂರಬೇಕೆಂದು ಪಕ್ಕದ ಮರದ ಬುಡದಲ್ಲಿ ನಿಂತು ತೋರಿಸಿಕೊಟ್ಟವರು. ಅವರನ್ನು ಬಿಟ್ಟು ಹೋಗುವ ಕ್ಯಾಂಪು ನನಗೆ ಬೇಡ. ಜನರೇಟರ್ ಪ್ರಶ್ನೆ ನನಗೆ ಶುರುವಾಗುವುದು ಇಲ್ಲಿಂದಲೇ.

ಸೆಪ್ಟೆಂಬರ್ 20, ಶನಿವಾರ

ಮೊದಲು ಏನೇನಕ್ಕೆ ಕರೆಂಟು ಬೇಕು ಎಂದು ನೋಡಿದೆ. ಡೇರೆ ಬೆಚ್ಚಗಿಡುವುದು ಕಟ್ಟಿಗೆ. ಅಡುಗೆ ಗ್ಯಾಸ್ ಮೇಲೆ. ನವೆಂಬರ್ ತಿಂಗಳಲ್ಲಿ ಅಲ್ಲಿ ಫ್ರಿಜ್ ಯಾಕೆ ಬೇಕು, ಹೊರಗಿಟ್ಟರೆ ಹಾಲು ಕಲ್ಲಾಗುತ್ತದೆ. ಉಳಿದದ್ದು ದೀಪ, ಫೋನು, ತಲೆಗೆ ಕಟ್ಟುವ ಟಾರ್ಚು, ಮತ್ತು ಸಿಪ್ಯಾಪ್.

ದೀಪದ ವಿಷಯ ಹಗುರವಾಗಿ ನೋಡುವಂತಿಲ್ಲ. ಆ ಹೊತ್ತಿಗೆ ಅಲ್ಲಿ ಸಂಜೆ ಐದೂಕಾಲರ ಸುಮಾರಿಗೆ ಸೂರ್ಯ ಮುಳುಗಿದರೆ ಮತ್ತೆ ಕಾಣುವುದು ಬೆಳಗ್ಗೆ ಎಂಟರ ಹತ್ತಿರ. ಹದಿನಾಲ್ಕು ಗಂಟೆಗೂ ಮೀರಿದ ಕತ್ತಲೆ. ಆದರೂ 5 ವಾಟಿನ ಎಲ್‌ಇಡಿ ಪಟ್ಟಿ ಒಂದಿದ್ದರೆ ನಾಲ್ವರೂ ಇಸ್ಪೀಟು ಆಡಬಹುದು.

ಸಿಪ್ಯಾಪ್ ಎಷ್ಟು ಕರೆಂಟು ಎಳೆಯುತ್ತದೆ ಎಂದು ಅವರಿಗೇ ಗೊತ್ತಿರಲಿಲ್ಲ. ಅಡಾಪ್ಟರ್ ಮೇಲೆ 90 ವಾಟ್ ಎಂದು ಬರೆದಿದೆ. ಅದನ್ನು ನಂಬಿ ಲೆಕ್ಕ ಹಾಕಿದರೆ ಎಂಟು ಗಂಟೆಗೆ 720 ವಾಟ್-ಅವರ್, ಏಳು ರಾತ್ರಿಗೆ 5 ಯೂನಿಟ್. ಆಗ ಜನರೇಟರ್ ಬಿಟ್ಟರೆ ಗತಿಯಿಲ್ಲ. ಆದರೆ ಅಡಾಪ್ಟರ್ ಮೇಲಿರುವುದು ಅದು ಕೊಡಬಲ್ಲ ಗರಿಷ್ಠ, ಯಂತ್ರ ನಿಜವಾಗಿ ತಿನ್ನುವುದಲ್ಲ. ಅಳೆದೇ ನೋಡಬೇಕು.

ಸೆಪ್ಟೆಂಬರ್ 28, ಭಾನುವಾರ

ಪಕ್ಕದ ಮನೆಯವರ ಹತ್ತಿರವೇ ಒಂದು ಹೋಂಡಾ ಇಯು2200ಐ ಜನರೇಟರ್ ಇದೆ. ಚಳಿಗಾಲದಲ್ಲಿ ಕರೆಂಟು ಹೋದರೆ ಬೇಕೆಂದು ಕೊಂಡದ್ದು. ಖಾಲಿ ಟ್ಯಾಂಕಿನಲ್ಲಿ ಇಪ್ಪತ್ತೊಂದೂವರೆ ಕಿಲೋ, ಒಬ್ಬನೇ ಎತ್ತಬಹುದು. ಗರಿಷ್ಠ 2200 ವಾಟ್, ಸತತವಾಗಿ 1800. ಇವತ್ತು ನನ್ನ ಗ್ಯಾರೇಜಿಗೆ ತಂದು ಹಗ್ಗ ಎಳೆದೆ. ಹದಿನೈದು ಸಲ ಎಳೆದರೂ ಕೆಮ್ಮಲೂ ಇಲ್ಲ.

ಹಿಂದಿನ ಚಳಿಗಾಲದ ಪೆಟ್ರೋಲು ಒಳಗೇ ಉಳಿದಿತ್ತು. ಇಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸಿರುತ್ತಾರೆ, ತಿಂಗಳುಗಟ್ಟಲೆ ನಿಂತರೆ ಅದು ಕೆಡುತ್ತದೆ. ಕಾರ್ಬ್ಯುರೇಟರ್ ಬಿಚ್ಚಿದರೆ ಫ್ಲೋಟ್ ಬಟ್ಟಲಿನ ತಳದಲ್ಲಿ ಹಸಿರು ಮಿಶ್ರಿತ ಅಂಟು, ಹಲಸಿನ ಮೇಣದ ಹಾಗೆ. ಪೆಟ್ರೋಲು ಹಾಯುವ ಸಣ್ಣ ತೂತಿನ ಮೇನ್ ಜೆಟ್ಟನ್ನು ಬೆಳಕಿಗೆ ಹಿಡಿದೆ. ಸೂಜಿಮೊನೆಯಷ್ಟು ಬೆಳಕು ಕಾಣಬೇಕು, ಕಾಣಲಿಲ್ಲ. ಹಳೇ ವೈರಿನ ಒಂದು ತಾಮ್ರದ ಎಳೆ ಬಿಡಿಸಿ ತೂರಿಸಿ, ಕ್ಲೀನರ್ ಹೊಡೆದು, ಮತ್ತೆ ಹಿಡಿದಾಗ ಬೆಳಕಿನ ಚುಕ್ಕೆ ದುಂಡಗೆ ಕಂಡಿತು. ಊರಲ್ಲಿ ಅಡಿಕೆ ತೋಟದ ಪಂಪ್‌ಸೆಟ್ ಬಿಚ್ಚುವಾಗ ಅಪ್ಪಯ್ಯ ಹೀಗೇ ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಿದ್ದರು.

ಜೋಡಿಸಿ ಎಳೆದೆ. ಎರಡನೇ ಎಳೆತಕ್ಕೆ ಶುರುವಾಯಿತು. ಬಹಳ ಸಂತೋಷವಾಯಿತು. ಆದರೂ ಒಂದು ವಿಷಯ ಮನಸ್ಸಿನಲ್ಲಿ ಕೂತಿತು: ವರ್ಷಕ್ಕೊಮ್ಮೆ ಮುಟ್ಟುವ ಎಂಜಿನ್ನನ್ನು ನಂಬಿ ಒಬ್ಬರ ಉಸಿರನ್ನು ಅದಕ್ಕೆ ಒಪ್ಪಿಸಬೇಕಾಗುತ್ತದೆ.

ಅಕ್ಟೋಬರ್ 5, ಭಾನುವಾರ

ಸದ್ದಿನ ಪರೀಕ್ಷೆ. ಈ ಹೋಂಡಾ ತನ್ನ ದರ್ಜೆಯಲ್ಲಿ ಮೆತ್ತಗಿನದು. ಕಾಲುಭಾಗ ಲೋಡಿನಲ್ಲಿ 48 ಡೆಸಿಬೆಲ್, ಪೂರ್ತಿ ಲೋಡಿನಲ್ಲಿ 57. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಏಳು ಮೀಟರಿನಲ್ಲಿ 48 ಇದ್ದರೆ ಇಪ್ಪತ್ತೆಂಟು ಮೀಟರಿನಲ್ಲಿ 36. ಪೇಟೆಯಲ್ಲಿ 36 ಅಂದರೆ ಕಿವಿಗೇ ಬೀಳದು. ಗಾಳಿಯಿಲ್ಲದ ರಾತ್ರಿ ಆ ಕಾಡಿನಲ್ಲಿ ಅದಕ್ಕಿಂತ ಕಡಿಮೆ ಸದ್ದು ಇರುತ್ತದೆ. ಹಿಮ ಬಿದ್ದರಂತೂ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ.

ಊರಿಗೆ ಮೇಳ ಬಂದಾಗ ಬಯಲಾಟದ ಜನರೇಟರನ್ನು ಗದ್ದೆಯ ಆಚೆ ಅಂಚಿಗೆ ಇಟ್ಟು ಉದ್ದಕ್ಕೆ ವೈರ್ ಎಳೆಯುತ್ತಿದ್ದರು. ಚೆಂಡೆ ಬೀಳುವಾಗ ಅದರ ನೆನಪೇ ಇರುತ್ತಿರಲಿಲ್ಲ. ಭಾಗವತರು ಪದ ನಿಲ್ಲಿಸಿ ಅರ್ಥ ಶುರುವಾಗುವ ಒಂದು ಗಳಿಗೆ ಇದೆಯಲ್ಲ, ಆಗ ಅಲ್ಲಿಂದ ಗುರ್ ಎನ್ನುವುದು ಕೇಳುತ್ತಿತ್ತು. ಕ್ಯಾಂಪಿನ ರಾತ್ರಿಯಿಡೀ ಆ ಗಳಿಗೆಯೇ.

ಜಿಂಕೆ ಬೆದರುತ್ತದೆ ಎಂದು ಕೆಲವರು ಹೇಳುತ್ತಾರೆ. ನನಗೆ ಅದು ದೊಡ್ಡ ಕಾರಣವಾಗಿ ಕಾಣುವುದಿಲ್ಲ. ನಾವು ಕೂರುವ ಮರಗಳು ಡೇರೆಯಿಂದ ಮುಕ್ಕಾಲು ಮೈಲು ಆಚೆ ಇವೆ, ಬೇಟೆಯ ಹೊತ್ತಿಗೆ ಜನರೇಟರ್ ಆಫ್ ಆಗಿರುತ್ತದೆ. ತೊಂದರೆ ಮನುಷ್ಯರಿಗೆ. ಹೋದ ವರ್ಷ ದಾರಿಯ ಆಚೆ ಬದಿಯ ಕ್ಯಾಂಪಿನವರು ತೆರೆದ ಚೌಕಟ್ಟಿನ ಅಗ್ಗದ ಜನರೇಟರ್ ಒಂದನ್ನು ಹತ್ತೂವರೆವರೆಗೆ ಓಡಿಸಿದ್ದರು. ಅದು ನಿಂತಾಗ ನಮ್ಮ ಡೇರೆಯಲ್ಲಿ ಮಾತು ತನ್ನಿಂದ ತಾನೇ ಮೆಲ್ಲಗಾಯಿತು. ಅಲ್ಲಿಯವರೆಗೆ ನಾವೆಲ್ಲ ಗಟ್ಟಿಯಾಗಿ ಮಾತಾಡುತ್ತಿದ್ದೆವೆಂದು ಆಗಲೇ ತಿಳಿದದ್ದು.

ಅಕ್ಟೋಬರ್ 11, ಶನಿವಾರ

ಅಪ್ಪಯ್ಯನಿಗೆ ಫೋನ್ ಮಾಡಿದ್ದೆ. ತೀರ್ಥಹಳ್ಳಿ ಕಡೆ ನಮ್ಮ ಅಜ್ಜನ ಕಾಲದಲ್ಲಿ ಬೇಟೆ ಊರಿನ ಕೆಲಸವೇ ಆಗಿತ್ತು. ಹಳು ಸೋಯುವವರು ಪೊದೆಯಿಂದ ಮಿಕ ಎಬ್ಬಿಸಲು ಒಂದು ಕಡೆಯಿಂದ ಕೂಗುತ್ತ ಬರುವುದು, ಕೋವಿಯವರು ಮಿಕ ಬರುವ ದಾರಿ ಕಾಯುತ್ತ ಬಿಲ್ಲಿಗೆ ನಿಲ್ಲುವುದು, ಒಂಟಿಯಾಗಿ ಹೋದವನು ಮರೆಯಲ್ಲಿ ಮರಸು ಕೂರುವುದು. 1972ರ ವನ್ಯಜೀವಿ ಕಾಯ್ದೆಯಿಂದ ಅದೆಲ್ಲ ನಿಂತಿತು. ನಿಲ್ಲಬೇಕಾದ್ದೇ, ಕಾಡಿನಲ್ಲಿ ಮಿಕಗಳೇ ಉಳಿದಿರಲಿಲ್ಲ ಎಂದು ಅಪ್ಪಯ್ಯನೇ ಹೇಳುತ್ತಾರೆ. ಇಲ್ಲಿ ಲೈಸೆನ್ಸ್ ಕೊಂಡು, ಹೊಡೆದದ್ದನ್ನು 72 ಗಂಟೆಯೊಳಗೆ ಆನ್‌ಲೈನಿನಲ್ಲಿ ವರದಿ ಮಾಡಿ, ಲೆಕ್ಕದೊಳಗೆ ನಡೆಯುವ ಬೇಟೆಯನ್ನು ಅವರು ಆಸಕ್ತಿಯಿಂದ ಕೇಳುತ್ತಾರೆ.

ಜನರೇಟರ್ ಸಂಗತಿ ಹೇಳಿದೆ.

‘ಮಿಷನ್ ಸದ್ದು ಕೇಳಕ್ಕೆ ಅಷ್ಟು ದೂರ ಕಾಡಿಗೆ ಹೋಗ್ಬೇಕಾ?’ ಅಂದರು. ಸ್ವಲ್ಪ ತಡೆದು, ‘ಆದ್ರೆ ಆ ಮನುಷ್ಯರಿಗೆ ಉಸ್ರು ಕಟ್ಟತ್ತೆ ಅಂದ್ಯಲ, ಮೊದ್ಲು ಅದಕ್ಕೆ ಏನಾರು ಮಾಡು’ ಅಂದರು.

ಅಕ್ಟೋಬರ್ 18, ಶನಿವಾರ

ಈ ವಾರ ಮೂರು ರಾತ್ರಿ ನನ್ನ 100 ಆಂಪಿಯರ್-ಅವರ್‌ನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಪಕ್ಕದ ಮನೆಯವರ ಮಂಚದ ಹತ್ತಿರ ಇತ್ತು. 12.8 ವೋಲ್ಟ್, ಅಂದರೆ 1280 ವಾಟ್-ಅವರ್. ಎಷ್ಟು ಕರೆಂಟು ಹೋಯಿತೆಂದು ಅಳೆಯುವ ಶಂಟ್ ಹಾಕಿ ಕೊಟ್ಟಿದ್ದೆ. ಈ ಬಗೆಯ ಬ್ಯಾಟರಿಯಲ್ಲಿ ವೋಲ್ಟೇಜ್ ಬಹಳ ಹೊತ್ತು ಒಂದೇ ಕಡೆ ನಿಲ್ಲುವುದರಿಂದ ಅದನ್ನು ನೋಡಿ ಎಷ್ಟು ಉಳಿದಿದೆ ಎನ್ನಲಾಗದು. ಬೆಳಗ್ಗೆ ಎದ್ದ ಕೂಡಲೇ ಅವರು ನನಗೆ ಅಂಕಿ ಕಳಿಸುತ್ತಿದ್ದರು.

ಮೊದಲ ರಾತ್ರಿ, ಇನ್ವರ್ಟರ್ ಮೂಲಕ, ಗಾಳಿ ತೇವ ಮಾಡುವ ನೀರಿನ ತೊಟ್ಟಿಯ ಹೀಟರ್ ಆನ್ ಇಟ್ಟು: 412 ವಾಟ್-ಅವರ್.

ಎರಡನೇ ರಾತ್ರಿ, ಇನ್ವರ್ಟರ್ ಮೂಲಕವೇ, ಹೀಟರ್ ಆಫ್: 170.

ಮೂರನೇ ರಾತ್ರಿ, ಇನ್ವರ್ಟರ್ ಕಿತ್ತುಹಾಕಿ, ಬ್ಯಾಟರಿಯ 12 ವೋಲ್ಟನ್ನು 24ಕ್ಕೆ ಏರಿಸುವ ಡಿಸಿ ಕನ್ವರ್ಟರ್ ಮೂಲಕ ನೇರವಾಗಿ: 89.

412ರಿಂದ 89ಕ್ಕೆ! ಯಂತ್ರದ ಫ್ಯಾನು ತಿನ್ನುವುದು ಅಲ್ಪ. ಹೆಚ್ಚು ತಿನ್ನುತ್ತಿದ್ದುದು ನೀರು ಕಾಯಿಸುವ ಹೀಟರ್. ಉಳಿದದ್ದರಲ್ಲಿ ಅರ್ಧಕ್ಕರ್ಧ ಇನ್ವರ್ಟರ್ ತಾನೇ ನುಂಗುತ್ತಿತ್ತು. ಗಂಟೆಗೆ 11 ವಾಟ್-ಅವರ್ ಸಾಕಾಗುವ ಕೆಲಸಕ್ಕೆ 1800 ವಾಟಿನ ಎಂಜಿನ್ ರಾತ್ರಿಯಿಡೀ ಓಡಿಸುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಅದರ ಟ್ಯಾಂಕು ಹಿಡಿಯುವುದು ಒಂದು ಗ್ಯಾಲನ್ನಿಗೆ ತುಸು ಕಡಿಮೆ. ಕಾಲುಭಾಗ ಲೋಡಿನಲ್ಲಿ ಎಂಟು ಗಂಟೆ ಓಡುತ್ತದೆ. ಲೋಡು ಇಲ್ಲವೇ ಇಲ್ಲ ಎಂಬಷ್ಟಿದ್ದರೂ ಎಂಜಿನ್ ತಿರುಗಲೇಬೇಕು, ಪೆಟ್ರೋಲು ಸುಡಲೇಬೇಕು.

ಒಂದೇ ದೂರು: ಮೂರನೇ ರಾತ್ರಿ ಗಂಟಲು ಒಣಗಿತ್ತಂತೆ. ಡೇರೆಯಲ್ಲಿ ಒಲೆಯ ಬಿಸಿಗೆ ಇನ್ನೂ ಒಣಗುತ್ತದೆ. ಒಲೆಯ ಮೇಲೆ ನೀರಿನ ಪಾತ್ರೆ ಇಡೋಣ ಅಂದೆ.

ನವೆಂಬರ್ 2, ಭಾನುವಾರ

ಲೆಕ್ಕ ಮುಗಿಯಿತು. ಏಳು ರಾತ್ರಿ ಸಿಪ್ಯಾಪ್‌ಗೆ 650ರ ಆಸುಪಾಸು, ದೀಪಕ್ಕೆ 175, ಫೋನು-ಟಾರ್ಚಿಗೆ 250. ಒಟ್ಟು 1075. ಬ್ಯಾಟರಿಯಲ್ಲಿ 1280. ಸಾಲುತ್ತದೆ, ಆದರೆ ಕೈಬಿಗಿ.

ಒಂದು ನಡುದಾರಿ ಇತ್ತು, ಅದನ್ನು ಗಂಭೀರವಾಗಿಯೇ ಯೋಚಿಸಿದೆ: ಹಗಲು ಎರಡು ಗಂಟೆ ಜನರೇಟರ್ ಓಡಿಸಿ ಬ್ಯಾಟರಿ ತುಂಬಿಸುವುದು, ರಾತ್ರಿ ನಿಶ್ಶಬ್ದವಾಗಿ ಬ್ಯಾಟರಿಯಿಂದ ಬಳಸುವುದು. ಜನರೇಟರ್ ಒಯ್ಯುವುದಾದರೆ ಇದೇ ಸರಿಯಾದ ಕ್ರಮ. ಆದರೆ ನೀರಿಗಾಗಿ ವಾರದ ನಡುವೆ ಪಿಕಪ್ ಹೇಗೂ ಪೇಟೆಗೆ ಹೋಗುತ್ತದೆ. ಎಂಜಿನ್ ಒಂದು ಅಲ್ಲೇ ಇರುವಾಗ ಇನ್ನೊಂದು ಯಾಕೆ? ಪಿಕಪ್ಪಿಗೆ 20 ಆಂಪಿಯರ್‌ನ ಡಿಸಿ ಚಾರ್ಜರ್ ಕೂರಿಸಿದೆ, ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿ. ಗಂಟೆಗೆ ಸುಮಾರು 260 ವಾಟ್-ಅವರ್ ತುಂಬುತ್ತದೆ.

ಎಂಜಿನ್ ಹೊಗೆಯಲ್ಲಿರುವ ವಿಷದ ಗಾಳಿ, ಕಾರ್ಬನ್ ಮಾನಾಕ್ಸೈಡ್, ಅದರ ಹೆದರಿಕೆಯೂ ನನ್ನನ್ನು ಈ ಕಡೆ ಎಳೆಯಿತು. ಜನರೇಟರನ್ನು ಕನಿಷ್ಠ 20 ಅಡಿ ದೂರ, ಹೊಗೆ ಆಚೆ ತಿರುಗಿಸಿ ಇಡಬೇಕು ಎನ್ನುತ್ತದೆ ಇಲ್ಲಿನ ಗ್ರಾಹಕ ಸುರಕ್ಷತಾ ಆಯೋಗ. ರಾತ್ರಿ ಮೂರು ಗಂಟೆಗೆ ಗಾಳಿ ದಿಕ್ಕು ಬದಲಿಸಿದರೆ ಎದ್ದು ನೋಡುವವರು ಯಾರು? ಹಿಮ ಬೀಳುತ್ತಿದ್ದರೆ ಅದನ್ನು ಡೇರೆಯ ಸೆರಗಿಗೆ ಹತ್ತಿರ ಎಳೆಯುವ ಆಸೆ ಬಂದೇ ಬರುತ್ತದೆ. ಒಲೆ ಇರುವುದರಿಂದ ಮಾನಾಕ್ಸೈಡ್ ಅಲಾರಂ ನಮ್ಮ ಡೇರೆಯಲ್ಲಿ ಮೊದಲಿನಿಂದಲೂ ಇದೆ, ಈ ಸಲ ಹೊಸ ಬ್ಯಾಟರಿ ಹಾಕಿದ್ದೇನೆ.

ಜನರೇಟರ್ ಬೇಡ. ಬ್ಯಾಟರಿಯಲ್ಲಿ 200 ವಾಟ್-ಅವರ್‌ಗಿಂತ ಕಡಿಮೆ ಉಳಿದರೆ ಅವರನ್ನು ಆ ರಾತ್ರಿ ಪೇಟೆಯ ಮೋಟೆಲಿಗೆ ಬಿಟ್ಟುಬರುವುದು ಎಂದು ನಾಲ್ವರೂ ಒಪ್ಪಿದೆವು. ಸಂಜೆ ಅವರ ಹೆಂಡತಿ ಬಂದು ಬ್ಯಾಟರಿಯನ್ನು ಹೇಗೆ ಜೋಡಿಸುವುದು ಎಂದು ಕೇಳಿ, ತಾವೇ ಎರಡು ಸಲ ಬಿಚ್ಚಿ ಹಾಕಿ ನೋಡಿ ಹೋದರು.

ನವೆಂಬರ್ 12, ಬುಧವಾರ

ಬ್ಯಾಟರಿಗೆ ಐಸ್ ಪೆಟ್ಟಿಗೆಯೇ ಮನೆ, ಈ ಸಲ ಚಳಿ ಒಳಗೆ ಬರದ ಹಾಗೆ. ಎಲ್‌ಎಫ್‌ಪಿ ಬ್ಯಾಟರಿ ಚಳಿಯಲ್ಲಿ ಕರೆಂಟು ಕೊಡುತ್ತದೆ, ಆದರೆ 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಶಾಶ್ವತವಾಗಿ ಹಾಳಾಗುತ್ತದೆ. ಹಳೇ ಕಂಬಳಿ, ಒಂದು ಥರ್ಮಾಮೀಟರ್. ಪಿಕಪ್ಪಿನಲ್ಲಿ ಹಿಂದೆ ಇಡದೆ ಕ್ಯಾಬಿನ್ನಿನೊಳಗೇ ಇಡಬೇಕು.

ನವೆಂಬರ್ 22, ಶನಿವಾರ

ಬಂದು ಎರಡು ದಿನವಾಯಿತು. ಶಂಟಿನ ಅಂಕಿ ಮೊದಲು: ಏಳು ರಾತ್ರಿಗೆ ಸಿಪ್ಯಾಪ್ 644, ದೀಪ ಮತ್ತು ಫೋನಿಗೆ 380. ಸೋಮವಾರ ನೀರು ತರಲು ಹೋಗಿಬಂದಾಗ ತುಂಬಿದ್ದು 440. ಹೊರಡುವ ಬೆಳಗ್ಗೆ ಉಳಿದದ್ದು 696. ಪೇಟೆಗೆ ಹೋಗದಿದ್ದರೂ 256 ಉಳಿಯುತ್ತಿತ್ತು.

ಸೋಮವಾರ ನಸುಕಿನಲ್ಲಿ ಹೊರಗೆ ಮೈನಸ್ 11. ಒಲೆ ಆರಿ ಡೇರೆಯ ಬಕೆಟ್ಟಿನ ನೀರಿನ ಮೇಲೆ ತೆಳ್ಳಗೆ ಐಸು ಕಟ್ಟಿತ್ತು. ಪೆಟ್ಟಿಗೆ ತೆರೆದರೆ ಒಳಗೆ 4 ಡಿಗ್ರಿ. ಒಲೆಯ ಮೇಲಿನ ಪಾತ್ರೆಯ ಉಪಾಯ ಅರ್ಧ ಕೆಲಸ ಮಾಡಿತು. ಒಲೆ ಉರಿಯುವವರೆಗೆ ಗಂಟಲು ಚೆನ್ನಾಗಿತ್ತು, ನಾಲ್ಕು ಗಂಟೆಯ ನಂತರ ಒಣಗುತ್ತಿತ್ತು ಎಂದರು. ಮುಂದಿನ ವರ್ಷಕ್ಕೆ ಇದೊಂದು ಬಾಕಿ.

14ರ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೀಪ ಆರಿಸಿದ ಮೇಲೆ ಕೇಳುತ್ತಿದ್ದುದು ಒಲೆಯಲ್ಲಿ ಮೇಪಲ್ ಕೊರಡು ಚಿಟಿಗುಟ್ಟುವುದು, ಮತ್ತು ಪಕ್ಕದ ಮಂಚದಿಂದ ಮಾಸ್ಕಿನೊಳಗೆ ಗಾಳಿ ಹೋಗಿ ಬರುವುದು. ಹೋದ ವರ್ಷಗಳಲ್ಲಿ ಅವರ ಗೊರಕೆ ಇದ್ದಕ್ಕಿದ್ದಂತೆ ನಿಂತು, ಎಷ್ಟೋ ಹೊತ್ತಿನ ಮೇಲೆ ಏದುಸಿರಿನಿಂದ ಮತ್ತೆ ಶುರುವಾಗುತ್ತಿದ್ದುದನ್ನು ನಾವೆಲ್ಲ ಕೇಳಿದ್ದೇವೆ. ಅದು ಉಸಿರು ಕಟ್ಟುವುದು ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. ಈ ಸಲ ಒಂದೇ ಲಯ. ಅದನ್ನು ಕೇಳುತ್ತ ಎರಡು ಗಂಟೆಗೆ ನಿದ್ದೆ ಹೋದೆ.

15ರ ಬೆಳಗ್ಗೆ ಕಿತ್ತಳೆ ಜಾಕೆಟ್ ಹಾಕಿ ಕತ್ತಲಲ್ಲೇ ಹೊರಟೆವು. ಅವರು ನನಗಿಂತ ಮುಂದೆ ನಡೆದರು. 16ರ ಸಂಜೆ ಬೆಳಕು ಹೋಗುವ ಮುಂಚೆ ಅವರದೇ ಈಡು, ಎಂಟು ಕವಲಿನ ಗಂಡು. ಎಳೆದು ತರಲು ನಾಲ್ವರೂ ಬೇಕಾದೆವು.

ಇವತ್ತು ಮಧ್ಯಾಹ್ನ ಜನರೇಟರ್ ಹಿಂದಿರುಗಿಸಲು ಹೋದೆ. ಕೊಡುವ ಮೊದಲು ಪೆಟ್ರೋಲ್ ಬಂದ್ ಮಾಡಿ ತಾನಾಗಿ ನಿಲ್ಲುವವರೆಗೆ ಓಡಿಸಿ, ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ ಉಳಿದ ನಾಲ್ಕು ಹನಿ ಪೆಟ್ರೋಲನ್ನೂ ಚಿಂದಿಗೆ ಇಳಿಸಿದೆ. ಅವರು ಗ್ಯಾರೇಜಿನಲ್ಲಿ ಮಾಂಸ ಕತ್ತರಿಸಿ ಕಾಗದದಲ್ಲಿ ಸುತ್ತುತ್ತಿದ್ದರು. ನನ್ನ ಪಾಲಿನ ಪೊಟ್ಟಣಗಳ ಮೇಲೆ ತಾರೀಖು ಬರೆದು ಪಕ್ಕಕ್ಕಿಟ್ಟಿದ್ದರು. ಕೈ ತೊಳೆದು ನಾನೂ ಒಂದು ಚಾಕು ತೆಗೆದುಕೊಂಡೆ.